ಸ್ಟೇಷನ್ನಿಗೆ ಹತ್ತಿರ, ಕಿಟಕಿಯಿರುವ ಕೋಣೆ

ಜನವರಿ 6

ಚೆಲುವಾ,

ಕ್ಷೇಮಸಮಾಚಾರ ಕೊನೆಗಿರಲಿ, ಮೊದಲು ಕೆಲಸದ ಮಾತು. ನನಗೆ ನಿಮ್ಮ ಊರಿನಲ್ಲಿ ಮೂರು ದಿನಕ್ಕೆ ಒಂದು ಕೋಣೆ ಬೇಕು. ಫೋನು ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನೀನು "ಹೂಂ ಅಕ್ಕ, ನೋಡೋಣ" ಅಂದು ಇಟ್ಟುಬಿಡುತ್ತೀಯ. ಕಾಗದವಾದರೆ ಎದುರಿಗೆ ಬಿದ್ದಿರುತ್ತದೆ, ಉತ್ತರ ಬರೆಯದೆ ವಿಧಿಯಿಲ್ಲ.

ಎರಡು ತಿಂಗಳಿಂದ ಸೂಜಿಗೆ ದಾರ ಪೋಣಿಸಲು ನಿನ್ನ ಭಾವನನ್ನು ಕರೆಯುತ್ತಿದ್ದೆ. ವಯಸ್ಸಾಯಿತು, ಕನ್ನಡಕ ಹಾಕಿದರೆ ಸರಿಹೋಗುತ್ತದೆ ಅಂದುಕೊಂಡು ಹೋದರೆ ಕಣ್ಣಿನ ಡಾಕ್ಟರು ಕನ್ನಡಕದ ಮಾತೇ ಎತ್ತಲಿಲ್ಲ. ಕಣ್ಣಿನ ನರ ಒಣಗಿದೆಯಂತೆ. ಸುತ್ತಲಿನಿಂದ ಕತ್ತಲು ಒಳಗೆ ಬರುತ್ತಿದೆ. ಈಗ ನಡುವೆ ಒಂದು ತಟ್ಟೆಯಗಲ ಮಾತ್ರ ಕಾಣುತ್ತದೆ. ಅದು ಬಟ್ಟಲಿನಷ್ಟಾಗಿ, ಗುಂಡಿಯಷ್ಟಾಗಿ, ಒಂದು ದಿನ ಮುಚ್ಚಿಹೋಗುತ್ತದೆ. "ಹೋದದ್ದು ವಾಪಸ್ ಬರಲ್ಲಮ್ಮ. ಇರೋದು ಆರು ತಿಂಗಳೂ ಇರಬಹುದು, ಆರು ವಾರಾನೂ ಇರಬಹುದು. ನೋಡಬೇಕು ಅನ್ನೋದೇನಾದ್ರೂ ಇದ್ರೆ ನೋಡಿಬಿಡಿ" ಅಂದರು. ಅಷ್ಟು ಹೊತ್ತೂ ಕಲ್ಲಿನ ಹಾಗೆ ಕೂತಿದ್ದವಳು ಹೊರಗೆ ಬಂದು ನಿನ್ನ ಭಾವನ ಶರ್ಟು ಹಿಡಿದುಕೊಂಡು ಅತ್ತುಬಿಟ್ಟೆ.

ನನಗೆ ನೋಡಬೇಕಾದ್ದು ಎರಡೇ. ನೀನು ಒಂಬತ್ತು ವರ್ಷದಿಂದ ಬರೆದು ಬರೆದು ಕಳಿಸುತ್ತಿರುವ ಆ ಊರು, ಮತ್ತೆ ನೀನು. ಅಮ್ಮ ಹೋದಾಗ ಬಂದಿದ್ದೆಯಲ್ಲ, ಅದಾಗಿ ಆರು ವರ್ಷ. ಊರು ತಪ್ಪಿದರೂ ಚಿಂತೆಯಿಲ್ಲ, ನಿನ್ನ ಮುಖ ತಪ್ಪಬಾರದು.

ಭಾವನಿಗೆ ಸಾಮಿಲ್ಲಿನ ಗೇಟು ಬಿಟ್ಟು ಬರಲಾಗುವುದಿಲ್ಲ, ನಾನೊಬ್ಬಳೇ ಬರುತ್ತೇನೆ. ಆದ್ದರಿಂದ ಕೋಣೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು. ನಮಗೇನು ಕಾರಿದೆಯೇ? ಸಿಟಿ ಬಸ್ಸಿನ ನಂಬರು ನನಗೆ ಕಾಣುವುದಿಲ್ಲ. ಮೆಟ್ಟಿಲು ಹತ್ತುವಂತಿರಬಾರದು. ಬೀದಿ ಕಾಣುವ ಕಿಟಕಿಯಿರಬೇಕು, ಅದೊಂದು ಮರೆಯಬೇಡ. ದಿನದ ಬಾಡಿಗೆ ನಾಲ್ಕು ಶರ್ಟಿನ ಹೊಲಿಗೆ ಕೂಲಿ ದಾಟಿದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನಲವತ್ತು ಲಾಡ್ಜಿನ ಬೆಡ್‌ಶೀಟು ಒಗೆಯುವ ಲಾಂಡ್ರಿಯಲ್ಲಿದ್ದೀಯ, ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಬೇಗ ಬರೆ. ಬೇಡಿಕೊಳ್ಳುತ್ತಿದ್ದೇನೆ ಅಂತಲೇ ತಿಳಿ.

ನಿನ್ನ ಅಕ್ಕ


ಜನವರಿ 15

ಅಕ್ಕಾ,

ನಿನ್ನ ಕಾಗದ ಓದಿದೆ, ನಂಬಲಾಗುತ್ತಿಲ್ಲ. ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಆ ಡಾಕ್ಟರು ಹೇಳಿದ್ದೇ ವೇದವಾಕ್ಯವಲ್ಲ. ನೀನು ಕತ್ತಲಲ್ಲೂ ಗುಂಡಿ ಹೊಲಿಯುವವಳು, ನಿನ್ನ ಕಣ್ಣಿಗೆ ಏನಾಗುತ್ತದೆ?

ಕೋಣೆಯ ವಿಷಯ. ನಾನು ಇಲ್ಲಿ ಯಾವ ಲಾಡ್ಜಿನ ಒಳಗೂ ಕಾಲಿಟ್ಟವನಲ್ಲ, ಆದರೆ ಎಲ್ಲರ ಹುಳುಕೂ ನನಗೆ ಗೊತ್ತು. ಯಾವ ಲಾಡ್ಜಿನದೆಂದು ತಿಳಿಯಲಿ ಅಂತ ಶೀಟಿನ ಮೂಲೆಗೆ ಒಂದೊಂದು ಬಣ್ಣದ ದಾರದ ಗುರುತು ಹಾಕಿರುತ್ತೇವೆ. ನಮಗೆ ಲಾಡ್ಜಿನ ಹೆಸರು ಬೇಕಿಲ್ಲ, ದಾರ ನೋಡಿದರೆ ಸಾಕು. ಕೆಂಪು ದಾರದ್ದು ಸ್ಟೇಷನ್ನಿಗೆ ಎದುರಿಗೇ ಇದೆ, ಅಗ್ಗ. ಆದರೆ ಶೀಟಿನ ತುಂಬ ಸಾಸಿವೆಯಷ್ಟು ರಕ್ತದ ಚುಕ್ಕೆ, ಅಂದರೆ ತಿಗಣೆ. ಹಸಿರು ದಾರದವರ ಗಂಟು ಒಗೆಯುವ ಮೊದಲೇ ಒದ್ದೆಯಾಗಿರುತ್ತದೆ, ಗೋಡೆ ಸೋರುತ್ತದೆ ಅಂತ ಅರ್ಥ. ಹಳದಿ ದಾರದ್ದು ಒಳ್ಳೆಯದು. ಆದರೆ ನಮ್ಮ ಗಂಟು ಹೊರುವ ಅಜ್ಜ ಅಲ್ಲಿಗೆ ಹೋಗಿಬಂದ ದಿನವೆಲ್ಲ ಮೊಣಕಾಲು ಹಿಡಿದುಕೊಂಡು ಶಾಪ ಹಾಕುತ್ತಾನೆ. ನಾಲ್ಕನೇ ಮಹಡಿ, ಲಿಫ್ಟಿಲ್ಲ.

ನನ್ನ ಕೋಣೆಗೆ ಕರೆಯುವ ಹಾಗಿಲ್ಲ. ಲಾಂಡ್ರಿಯ ಮೇಲೆ ಆರು ಜನ ಗಂಡಸರು, ಒಂದರ ಮೇಲೊಂದರಂತೆ ಮೂರು ಜೋಡಿ ಮಂಚ.

ಈಗ ಪ್ರವಾಸಿಗಳ ಕಾಲ, ಬಾಡಿಗೆ ದುಪ್ಪಟ್ಟು. ಏಪ್ರಿಲ್‌ನಲ್ಲಿ ಬಾ. ಅಷ್ಟರಲ್ಲಿ ಒಳ್ಳೆಯದು ಹುಡುಕಿಟ್ಟಿರುತ್ತೇನೆ.

ನಿನ್ನ ತಮ್ಮ


ಜನವರಿ 15

ಅಕ್ಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಐದು ತಿಂಗಳು ನನ್ನಿಂದ ಕಾಗದವಿರಲಿಲ್ಲ. ನೀನು ಬೈದು ಬರೆದೆ, ನಾನು ಜ್ವರ ಬಂದಿತ್ತು ಅಂದೆ. ಜ್ವರವಲ್ಲ. ಶೀಟು ಇಸ್ತ್ರಿ ಮಾಡುವ ಉರುಳೆಗೆ ಹಬೆ ತರುವ ಕೊಳವೆ ಒಡೆದು ನನ್ನ ಮುಖಕ್ಕೇ ಹೊಡೆಯಿತು. ಬಲಗಡೆ ಕೆನ್ನೆ, ಕತ್ತು, ಕಿವಿ ಎಲ್ಲ ಬೆಂದುಹೋಯಿತು. ಕಿವಿ ಅಂತ ಈಗ ಏನೂ ಉಳಿದಿಲ್ಲ. ತುಟಿಯ ಒಂದು ತುದಿ ಮೇಲಕ್ಕೆ ಎಳೆದುಕೊಂಡಿದೆ, ಸುಮ್ಮನಿದ್ದರೂ ಯಾರನ್ನೋ ಹಂಗಿಸಿದ ಹಾಗೆ ಕಾಣುತ್ತದೆ. ಮೊದಲು ಕೌಂಟರಿನಲ್ಲಿದ್ದೆ, ಈಗ ಹಿಂದೆ ಒಗೆಯುವ ತೊಟ್ಟಿಯ ಕೆಲಸಕ್ಕೆ ಹಾಕಿದ್ದಾರೆ. ಗಿರಾಕಿಗಳು ನೋಡಬಾರದಲ್ಲ. ಕೆಲಸದಲ್ಲೂ ಹೊರಗೂ ಮುಖಕ್ಕೆ ಬಟ್ಟೆ ಸುತ್ತಿಕೊಂಡೇ ಇರುತ್ತೇನೆ.

ನಿನ್ನ ಅಂಗಡಿಯ ಕನ್ನಡಿ ಮುಂದೆ ಗಂಟೆಗಟ್ಟಲೆ ನಿಂತು ತಲೆ ಬಾಚುತ್ತಿದ್ದವನು ನಾನು. ಅದಕ್ಕೇ ಅಲ್ಲವೇ ನೀನು ಚೆಲುವ ಅಂತ ಹೆಸರಿಟ್ಟದ್ದು? ಕಾಗದದಲ್ಲಿ ಆ ಹೆಸರು ಕಂಡಾಗಲೆಲ್ಲ ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ ಉಳಿದದ್ದನ್ನು ಓದುತ್ತೇನೆ.

ಕಣ್ಣು ಮುಚ್ಚುವ ಮೊದಲು ನೋಡಬೇಕು ಅನ್ನುತ್ತೀಯ. ಆಮೇಲೆ ಉಳಿದಷ್ಟು ವರ್ಷವೂ ನಿನ್ನ ಒಳಗೆ ಇರುವುದು ಈ ಮುಖವೇ? ಬೇಡ ಅಕ್ಕ. ಅಮ್ಮ ಸತ್ತಾಗ ನಿನ್ನ ಪಕ್ಕ ಕೂತಿದ್ದನಲ್ಲ, ಅವನೇ ಇರಲಿ. ಏಪ್ರಿಲ್ ಅಂದದ್ದು ಬಾಡಿಗೆಗಾಗಿ ಅಲ್ಲ. ಅಷ್ಟರಲ್ಲಿ ನಿನ್ನ ಕಣ್ಣು ಹೋಗಿರಲಿ ಅಂತ. ಬರೆದ ಕೈ ಸೀದುಹೋಗಬೇಕು.


ಜನವರಿ 24

ಚೆಲುವಾ,

ಏಪ್ರಿಲ್ಲೇ? ನಿನಗೆ ಬುದ್ಧಿ ನೆಟ್ಟಗಿದೆಯೇ? ತಟ್ಟೆ ಬಟ್ಟಲಾಗಿದೆ ಆಗಲೇ. ನನ್ನ ಅಕ್ಷರ ಇಷ್ಟು ದಪ್ಪಗಿರುವುದು ನೋಡಿ ಕಾಗದ ದಂಡ ಅನ್ನಬೇಡ, ಇದಕ್ಕಿಂತ ಸಣ್ಣಗೆ ಬರೆದರೆ ನನಗೇ ಓದಲಾಗುವುದಿಲ್ಲ. ನಿನ್ನೆ ಒಂದು ಶರ್ಟಿಗೆ ಎರಡು ಎಡತೋಳು ಹೊಲಿದುಬಿಟ್ಟೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಗಿರಾಕಿ ನಕ್ಕರು, ನಾನೂ ನಕ್ಕೆ. ಅವರು ಹೋದಮೇಲೆ ಬಾಗಿಲು ಹಾಕಿಕೊಂಡೆ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ತಿಗಣೆ ಇದೆ, ಸೋರುತ್ತದೆ, ಮೆಟ್ಟಿಲಿದೆ ಎಲ್ಲ ಬರೆದಿದ್ದೀಯ. "ಬಾ ಅಕ್ಕ, ನಾನು ಸ್ಟೇಷನ್ನಿಗೆ ಬರುತ್ತೇನೆ" ಅಂತ ಒಂದು ಸಾಲಿಲ್ಲ. ಕುಣಿಯಲಾರದವರು ನೆಲ ಡೊಂಕು ಅಂದ ಹಾಗಾಯಿತು. ನಾನು ಬರುವುದು ನಿನಗೆ ಇಷ್ಟವಿಲ್ಲವೇ? ಊರಿನ ಜನರ ಎದುರಿಗೆ ಈ ಕುರುಡಕ್ಕನ ಕೈಹಿಡಿದು ನಡೆಯಲು ನಾಚಿಕೆಯೇ? ಹಾಗಿದ್ದರೆ ನೇರವಾಗಿ ಹೇಳು. ಅತ್ತು ಸುಮ್ಮನಾಗುತ್ತೇನೆ.

ತಿಗಣೆಯಿದ್ದರೆ ಕಚ್ಚಲಿ. ಕೋಣೆ ಹೇಗಿದ್ದರೂ ಸರಿ, ಕಿಟಕಿ ಇರಲಿ. ಈ ತಿಂಗಳೊಳಗೆ ಬರೆ. ಅಲ್ಲಿಯವರೆಗೆ ಇಟ್ಟುಕೊಳ್ಳಲು ಈಚಿನದೊಂದು ಫೋಟೋ ಕಳಿಸು.

ಅಕ್ಕ


ಫೆಬ್ರವರಿ 4

ಅಕ್ಕಾ,

ನಾಚಿಕೆ ಅಂದೆಯಲ್ಲ, ಆ ಮಾತಿಗೆ ನನ್ನ ಕೆನ್ನೆಗೆ ಎರಡು ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಾಚಿಕೆ ನಿನ್ನದಲ್ಲ.

ಕೋಣೆ ಸಿಕ್ಕಿತು. ನೀಲಿ ದಾರದ ಲಾಡ್ಜು. ಇಷ್ಟು ದಿನ ಹೇಗೆ ಹೊಳೆಯಲಿಲ್ಲವೋ! ನಲವತ್ತು ಗಂಟಿನಲ್ಲಿ ಅವರದೊಂದೇ ಗಂಟು ಬಿಚ್ಚಿದರೆ ಒಗೆದದ್ದೋ ಒಗೆಯದ್ದೋ ಗೊತ್ತಾಗುವುದಿಲ್ಲ. ಧೂಳಿಲ್ಲ, ಚುಕ್ಕೆಯಿಲ್ಲ, ಐದು ವರ್ಷದ ಶೀಟು ಇನ್ನೂ ಹೊಸದರ ಹಾಗೆ ಬೆಳ್ಳಗಿದೆ. ಇಂಥ ಅಚ್ಚುಕಟ್ಟಿನವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ. ನೆಲಮಟ್ಟದ ಕೋಣೆ, ಒಂದು ಮೆಟ್ಟಿಲೂ ಇಲ್ಲ. ಬಾಡಿಗೆ ನಿನ್ನ ಮೂರು ಶರ್ಟಿನ ಕೂಲಿ. ಯಜಮಾನಿ ಮರ್ಯಾದಸ್ಥೆ ಅಂತ ಅಜ್ಜ ಹೇಳುತ್ತಾನೆ. ಅವನ ಕೈಲೇ ಮುಂಗಡ ಕಳಿಸಿದ್ದೇನೆ.

ನಿನ್ನೆ ಬೆಳಿಗ್ಗೆ ಸ್ಟೇಷನ್ನಿನಿಂದ ಅಲ್ಲಿಯವರೆಗೆ ಕಣ್ಣು ಅರ್ಧ ಮುಚ್ಚಿಕೊಂಡು ನಡೆದು ನೋಡಿದೆ. ಹೊರಗೆ ಬಂದು ಎಡಕ್ಕೆ ತಿರುಗಬೇಕು. ಸ್ಟೇಷನ್ನಿನ ಗೋಡೆ ಎಡಗೈಗೆ ಸಿಗುತ್ತಲೇ ಇರಲಿ. ಗೋಡೆ ಮುಗಿದ ಕಡೆ ಬೀಗದ ಅಂಗಡಿ, ಕೀಲಿಕೈ ಅರೆಯುವ ಸದ್ದು ಕೇಳುತ್ತದೆ. ಅದನ್ನು ದಾಟಿ ಮೂರನೆಯ ಬಾಗಿಲು. ಒಟ್ಟು ನಾನೂರ ಹತ್ತು ಹೆಜ್ಜೆ, ಒಂದೂ ರಸ್ತೆ ದಾಟಬೇಕಾಗಿಲ್ಲ.

ಫೋಟೋ ಇಟ್ಟಿದ್ದೇನೆ. ಹೋದ ತಿಂಗಳಿನದು.

ತಮ್ಮ


ಫೆಬ್ರವರಿ 11

ಚೆಲುವಾ,

ಫೋಟೋ ಬಂತು. ಬಿಸಿಲಿಗೆ ಹಿಡಿದು, ಹತ್ತಿರ ತಂದು, ಮೂಲೆಯಿಂದ ಮೂಲೆಗೆ ನೋಡಿದೆ. ಆಮೇಲೆ ಕೂತು ಅತ್ತೆ ಕಣೋ. ಈ ಶರ್ಟು ನಾನು ಹೊಲಿದದ್ದು. ಅಮ್ಮ ಹೋದ ವರ್ಷ, ಬಟ್ಟೆ ಸಾಲದೆ ಕಾಲರಿನ ಒಳಗೆ ಬೇರೆ ತುಂಡು ಕೊಟ್ಟಿದ್ದೆ, ಆ ತುಂಡಿನ ಅಂಚು ಕಾಣುತ್ತಿದೆ. ಆರು ವರ್ಷದಿಂದ ಅದೇ ಶರ್ಟೇ? ಹೊಸದೊಂದು ಹೊಲಿಸಿಕೊಳ್ಳಲೂ ಗತಿಯಿಲ್ಲವೇ ನಿನಗೆ? ಅದಕ್ಕೇ ನನ್ನನ್ನು ಬರಬೇಡ ಅನ್ನುತ್ತಿದ್ದೆಯೇ? ನಾಚಿಕೆ ನಿನ್ನದಲ್ಲ ಅಂತ ಬರೆದದ್ದು ಈಗ ಅರ್ಥವಾಯಿತು. ಹುಚ್ಚಪ್ಪ! ನಾನೇನು ನಿನ್ನ ಸಿರಿವಂತಿಕೆ ನೋಡಲು ಬರುತ್ತಿದ್ದೇನೆಯೇ?

ಒಂದು ಶರ್ಟು ಹೊಲಿಯುತ್ತಿದ್ದೇನೆ. ಇದು ಕೊನೆಯದು, ಮಿಷನ್ನು ಮಾರಲು ಮಾತಾಡಿಯಾಯಿತು. ಅಳತೆ ಅಂದಾಜಿನದು. ಫೋಟೋದಲ್ಲಿ ನೀನು ಒಂದು ಚೂರೂ ಬದಲಾಗಿಲ್ಲ.

ಟಿಕೆಟ್ ತೆಗೆದಾಯಿತು. ಇಪ್ಪತ್ತಕ್ಕೆ ಸಂಜೆ ಬರುತ್ತೇನೆ, ಇಪ್ಪತ್ತಮೂರಕ್ಕೆ ಬೆಳಿಗ್ಗೆ ಒಂಬತ್ತರ ರೈಲಿಗೆ ವಾಪಸು.

ಅಕ್ಕ


ಫೆಬ್ರವರಿ 16

ಅಕ್ಕಾ,

ಇಪ್ಪತ್ತಕ್ಕೆ ಅಜ್ಜ ಸ್ಟೇಷನ್ನಿಗೆ ಬಂದು ನಿನ್ನನ್ನು ಕೋಣೆಗೆ ಬಿಡುತ್ತಾನೆ. ನನಗೆ ಅವತ್ತು ಪಾಳಿ. ಮಾರನೆಯ ದಿನವೂ ಇರಬಹುದು. ಪಾಳಿಯಲ್ಲಿ ಫೋನು ತೆಗೆಯುವ ಹಾಗಿಲ್ಲ, ಏನಾದರೂ ಬೇಕಾದರೆ ಒಂದು ಚೀಟಿ ಬರೆದು ಯಜಮಾನಿಗೆ ಕೊಡು. ಬೆಳಿಗ್ಗೆ ಹತ್ತಕ್ಕೂ ಸಂಜೆ ಐದಕ್ಕೂ ಅಜ್ಜ ಗಂಟು ತೆಗೆದುಕೊಳ್ಳಲು ಬರುತ್ತಾನೆ, ಅವನ ಕೈಲಿ ಬಂದರೆ ನನಗೆ ತಕ್ಷಣ ಸಿಗುತ್ತದೆ.

ಬಿಡುವಾದಾಗ ಬರುತ್ತೇನೆ.

ತಮ್ಮ


ಫೆಬ್ರವರಿ 21, ಬೆಳಿಗ್ಗೆ

ಚೆಲುವಾ,

ಇದನ್ನು ಲಾಡ್ಜಿನ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಯಾಕೆ ಗೊತ್ತೇ? ಕೋಣೆಯಲ್ಲಿ ನನಗೆ ನನ್ನ ಕೈಯೇ ಕಾಣುವುದಿಲ್ಲ. ಕಿಟಕಿಯಿಲ್ಲ ಕಣೋ! ನಾಲ್ಕೂ ಕಡೆ ಗೋಡೆ, ಮೇಲೊಂದು ಬಲ್ಬು. ನಿನ್ನ ಕಣ್ಣಿಗೆ ಅದು ಬೆಳಕು, ನನ್ನ ಕಣ್ಣಿಗೆ ಅದು ಏನೂ ಅಲ್ಲ. ರಾತ್ರಿ ಚೊಂಬು ಹುಡುಕಲು ನೆಲದ ಮೇಲೆ ಅಂಬೆಗಾಲಿಟ್ಟೆ.

ಯಜಮಾನಿಯನ್ನು ಕೇಳಿದರೆ ಅವರು ನಕ್ಕರು. "ನಮ್ಮ ಶೀಟು ಹೇಗಮ್ಮ ಕೊಳೆಯಾಗತ್ತೆ? ಗಾಳಿ ಬರಲ್ಲ, ಧೂಳು ಬರಲ್ಲ, ಬಿಸಿಲು ಬರಲ್ಲ. ಬಂದೋರು ಒಂದು ರಾತ್ರಿ ಇದ್ದು ಓಡಿಹೋಗ್ತಾರೆ" ಅಂದರು. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಅಮ್ಮ ಬಡಕೊಳ್ಳುತ್ತಿದ್ದಳಲ್ಲ, ಕೇಳಿದೆಯಾ ನೀನು? ಲೋಕದಲ್ಲಿ ಕೋಣೆ ನೋಡದೆ ಬೆಡ್‌ಶೀಟು ನೋಡಿ ಲಾಡ್ಜು ಗೊತ್ತುಮಾಡುವವನು ನೀನೊಬ್ಬನೇ ಇರಬೇಕು. ಒಂದೇ ಒಂದು ಕೇಳಿದ್ದೆ ನಾನು. ಎರಡು ಕಾಗದದಲ್ಲಿ ಬರೆದಿದ್ದೆ.

ಬೈದು ಮುಗಿಯಿತು. ಈಗ ನೀನು ಬಾ. ನೀನು ಬಂದರೆ ಕಿಟಕಿ ಯಾಕೆ ಬೇಕು? ನಿನ್ನೆ ಬಟ್ಟಲಿನಷ್ಟಿದ್ದದ್ದು ಇವತ್ತು ಅದಕ್ಕಿಂತ ಚಿಕ್ಕದಾಗಿದೆಯೋ ಅಥವಾ ನಾನು ಹೆದರಿ ಹಾಗೆ ಅಂದುಕೊಳ್ಳುತ್ತಿದ್ದೇನೋ ತಿಳಿಯುತ್ತಿಲ್ಲ. ಬೀದಿಯಲ್ಲಿ ಯಾರು ಹೋದರೂ ನೀನೇ ಅನ್ನಿಸುತ್ತದೆ.

ಅಕ್ಕ


ಫೆಬ್ರವರಿ 21, ಸಂಜೆ

ಅಕ್ಕಾ,

ನನ್ನ ತಲೆಗೆ ಕಲ್ಲು ಹಾಕಬೇಕು. ಕಿಟಕಿ ಅಂತ ನೀನು ಬರೆದದ್ದು ನೆನಪಿತ್ತು. ಇಷ್ಟು ಬೆಳ್ಳಗೆ ಇಟ್ಟುಕೊಂಡವರು ಕಿಟಕಿ ಇಲ್ಲದೆ ಇರುತ್ತಾರೆಯೇ ಅಂದುಕೊಂಡೆ. ಒಂದು ಸಲ ಒಳಗೆ ಹೋಗಿ ನೋಡಿದ್ದರೆ ಮುಗಿಯುತ್ತಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅಂದರೆ, ನನಗೆ ಕೌಂಟರುಗಳ ಮುಂದೆ ನಿಲ್ಲುವುದು ಕಷ್ಟ.

ಅವರಲ್ಲಿ ಕಿಟಕಿಯಿರುವ ಕೋಣೆ ಮೇಲೆ ಒಂದೇ ಒಂದಿದೆಯಂತೆ, ಅದು ನಾಳೆ ಖಾಲಿಯಾಗುತ್ತದಂತೆ, ಯಜಮಾನಿಗೆ ಹೇಳಿಕಳಿಸಿದ್ದೇನೆ. ಹದಿನಾಲ್ಕು ಮೆಟ್ಟಿಲು, ಕೈಹಿಡಿಕೆ ಇದೆ.

ನಾಳೆ ನಾಲ್ಕು ಗಂಟೆಗೆ ಸ್ಟೇಷನ್ನಿನ ಮುಂದೆ, ದೊಡ್ಡ ಗಡಿಯಾರದ ಕೆಳಗೆ ನಿಂತಿರು. ಬಿಸಿಲಿರುತ್ತದೆ. ಬರುತ್ತೇನೆ. ಆಣೆ.

ತಮ್ಮ


ಫೆಬ್ರವರಿ 22, ಸಂಜೆ

ತಮ್ಮಾ,

ಮೂರೂವರೆಗೇ ಹೋಗಿ ನಿಂತೆ. ಆರಕ್ಕೆ ಬೆಳಕು ಸತ್ತಮೇಲೆ ಗೋಡೆ ಹಿಡಿದುಕೊಂಡು ವಾಪಸು ಬಂದೆ. ನೀನು ಬರಲಿಲ್ಲ.

ಎರಡೂವರೆ ಗಂಟೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಅನ್ನುತ್ತಾರಲ್ಲ, ಹಾಗೆ ಕಾದೆ. ನಿನ್ನ ಎತ್ತರದವರು ಯಾರು ಬಂದರೂ ಕತ್ತು ತಿರುಗಿಸಿ ತಿರುಗಿಸಿ ಅವರ ಮುಖವನ್ನು ನನ್ನ ಬಟ್ಟಲೊಳಗೆ ಹಿಡಿದೆ. ಒಬ್ಬ "ಏನಮ್ಮ ನೋಡ್ತೀರಾ?" ಅಂತ ಬೈದ. ನಾಲ್ಕೂಕಾಲಿನ ಹೊತ್ತಿಗೆ ಮುಖಕ್ಕೆ ಬಟ್ಟೆ ಸುತ್ತಿದವನೊಬ್ಬ ನನ್ನ ಪಕ್ಕಕ್ಕೇ ಬಂದು ನಿಂತ. ಮಾತಿಲ್ಲ, ಕತೆಯಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಕಳ್ಳನೇ ಇರಬೇಕು ಅಂತ ಹೆದರಿದೆ. ಚೀಲವನ್ನು ಆ ಕಡೆಯ ಕೈಗೆ ತೆಗೆದುಕೊಂಡು ನಾಲ್ಕು ಹೆಜ್ಜೆ ದೂರ ಸರಿದೆ. ಸ್ವಲ್ಪ ಹೊತ್ತು ನಿಂತಿದ್ದು ಹೊರಟುಹೋದ. ನೀನಿದ್ದಿದ್ದರೆ ನನಗೆ ಆ ಹೆದರಿಕೆ ಯಾಕೆ ಬರುತ್ತಿತ್ತು?

ಊರು ನೋಡಿಯಾಯಿತು. ಒಂದು ಗಡಿಯಾರ, ಒಂದು ಗೋಡೆ, ಒಂದು ಬೀಗದ ಅಂಗಡಿ. ಶರ್ಟನ್ನು ಯಜಮಾನಿಯ ಹತ್ತಿರ ಬಿಟ್ಟಿದ್ದೇನೆ. ಇನ್ನು ನಿನ್ನನ್ನು ಕಾಡುವುದಿಲ್ಲ.


ಫೆಬ್ರವರಿ 23

ಅಕ್ಕಾ,

ನೀನು ಹೊರಟುಹೋಗಿರುತ್ತೀಯ. ನಿನ್ನ ಚೀಟಿ ನನ್ನ ಕೈಗೆ ಬಂದದ್ದೇ ಹತ್ತೂವರೆಗೆ. ಅಜ್ಜ ಮತ್ತೆ ಲಾಡ್ಜಿಗೆ ಓಡಿದ, ನಾನು ಹಿಂದಿನ ಗೇಟಿನಿಂದ ಸ್ಟೇಷನ್ನಿಗೆ ಓಡಿದೆ. ಹಳಿ ಖಾಲಿ. ಇದನ್ನು ಅಂಚೆಗೇ ಹಾಕುತ್ತೇನೆ, ಈ ಸಲ ಹಾಕುತ್ತೇನೆ.

ನೀನು ಚೀಲ ಸರಿಸಿಕೊಂಡದ್ದು ನನ್ನಿಂದ.

ಬಟ್ಟೆಯೊಳಗೆ ನಾನಿದ್ದೆ ಅಕ್ಕ. ಬಲಗಡೆ ಮುಖ ಹಬೆಗೆ ಬೆಂದುಹೋಗಿದೆ, ಎರಡು ವರ್ಷವಾಯಿತು. ಕಿವಿಯಿಲ್ಲ. ತುಟಿ ಸೊಟ್ಟ. ಆ ಫೋಟೋ ಆರು ವರ್ಷದ ಹಿಂದಿನದು, ಬಡತನವಲ್ಲ, ಸುಳ್ಳು. ನಿನ್ನ ಪಕ್ಕ ನಿಂತು "ಅಕ್ಕ" ಅನ್ನಬೇಕು, ಬಟ್ಟೆ ತೆಗೆಯಬೇಕು ಅಂತ ಲಾಂಡ್ರಿಯಿಂದ ಹೇಳಿಕೊಂಡೇ ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ನೀನು ಹೆದರಿ ದೂರ ಹೋದೆ. ಬಟ್ಟೆ ಕಂಡೇ ಇಷ್ಟು ಹೆದರಿದವಳು ಬಟ್ಟೆ ತೆಗೆದರೆ ಏನು ಮಾಡುತ್ತೀಯ ಅನ್ನಿಸಿತು. ಕಾಲು ತಾನೇ ತಿರುಗಿತು.

ನಿನ್ನ ಕೂದಲು ನೆರೆತಿದೆ. ನೋಡಿದೆ ನಾನು. ನಾನು ನಿನ್ನನ್ನು ನೋಡಿಬಿಟ್ಟೆ, ನಿನಗೆ ನನ್ನನ್ನು ನೋಡಲು ಬಿಡಲಿಲ್ಲ. ಇದಕ್ಕಿಂತ ದೊಡ್ಡ ಕಳ್ಳತನ ಇನ್ನೇನಿದೆ?

ತಮ್ಮ


ಮಾರ್ಚ್ 1

ಚೆಲುವಾ,

ಹೌದು, ಚೆಲುವಾ ಅಂತಲೇ ಬರೆಯುತ್ತೇನೆ. ಏನು ಮಾಡುತ್ತೀಯೋ ಮಾಡು.

ನಿನ್ನ ಕಾಗದ ಓದಲು ಎರಡು ದಿನ ಹಿಡಿಯಿತು. ಈಗ ಒಂದೊಂದೇ ಅಕ್ಷರ ಕಾಣುತ್ತದೆ, ಗುಂಡಿಯಷ್ಟೇ ಉಳಿದಿದೆ. ಭಾವನಿಗೆ ಓದಲು ಕೊಡಲಿಲ್ಲ, ನಾನೇ ಓದಿದೆ. ಓದಿ ಚೀಲ ಹಿಡಿದಿದ್ದ ಈ ಕೈಯನ್ನು ಗೋಡೆಗೆ ಬಡಿದುಕೊಂಡೆ.

ಐದು ತಿಂಗಳು ಆಸ್ಪತ್ರೆಯಲ್ಲಿ ಒಬ್ಬನೇ ಮಲಗಿದ್ದೆಯೇನೋ? ನೀರು ಕೊಡುವವರು ಯಾರಿದ್ದರು?

ನಿನ್ನ ಹಳೆಯ ಮುಖ ಇಟ್ಟುಕೊಂಡು ನಾನೇನು ಮಾಡಲಿ? ಅದು ಈಗ ಯಾರದ್ದೂ ಅಲ್ಲ. ನೀನು ಯಾವ ಮುಖ ಹೊತ್ತುಕೊಂಡು ಓಡಾಡುತ್ತೀಯೋ ಅದು ನನ್ನ ತಮ್ಮನ ಮುಖ. ಅದು ನನಗೆ ಬೇಕು.

ಇದು ಸಿಕ್ಕಿದ ತಕ್ಷಣ ರೈಲು ಹತ್ತು. ನಮ್ಮ ಬಾಗಿಲಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಬಿಸಿಲು ನೇರವಾಗಿ ಬೀಳುತ್ತದೆ, ಆಗ ಮಾತ್ರ ನನಗೆ ಕಾಣುತ್ತದೆ. ಆ ಬಿಸಿಲಿಗೆ ನಿನ್ನನ್ನು ಕೂರಿಸಿ ಗಲ್ಲ ಹಿಡಿದು ಚೂರುಚೂರಾಗಿ ನೋಡುತ್ತೇನೆ. ಒಂದು ಗಂಟೆ ಸಾಕು. ಬಾರೋ, ಕಾಲಿಗೆ ಬೀಳುತ್ತೇನೆ.

ಅಕ್ಕ


ಮಾರ್ಚ್ 5, ಮಂಗಳವಾರ

ಅಕ್ಕಾ,

ಈಗ ಸಿಕ್ಕಿತು. ಶನಿವಾರ ಬೆಳಿಗ್ಗೆ ಹೊರಡುತ್ತೇನೆ, ಅದಕ್ಕಿಂತ ಮೊದಲು ಹೋದರೆ ಕೆಲಸಕ್ಕೆ ವಾಪಸು ಬರಬೇಡ ಅಂದಿದ್ದಾರೆ. ಭಾನುವಾರ ಹತ್ತು ಗಂಟೆಗೆ ನಿನ್ನ ಬಾಗಿಲಲ್ಲಿರುತ್ತೇನೆ. ನಾಲ್ಕು ದಿನ ಅಕ್ಕ. ನಾಲ್ಕೇ ದಿನ ಹೇಗಾದರೂ ಹಿಡಿದಿಟ್ಟುಕೊ.

ತಮ್ಮ


ಮಾರ್ಚ್ 8, ಶುಕ್ರವಾರ

ತಮ್ಮಾ,

ಅಕ್ಷರ ಭಾವನದು, ಮಾತು ನನ್ನದು. ಫೋನಿನಲ್ಲಿ ಇದನ್ನು ಹೇಳಲು ನನ್ನಿಂದಾಗದು, ಈ ಕಾಗದ ನೀನು ಹೊರಡುವ ಮೊದಲು ಸಿಗುತ್ತದೋ ಇಲ್ಲವೋ.

ಇವತ್ತು ಬೆಳಿಗ್ಗೆ ಎದ್ದು "ಇನ್ನೂ ಬೆಳಕಾಗಿಲ್ವಾ?" ಅಂತ ಕೇಳಿದೆ. ಭಾವ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು. ಹತ್ತು ಗಂಟೆಗೆ ಬಾಗಿಲಲ್ಲಿ ಕೂತೆ. ಬಿಸಿಲು ಕೆನ್ನೆಗೆ ತಾಗಿತು, ಕಣ್ಣಿಗೆ ಬರಲಿಲ್ಲ. ಹನ್ನೊಂದರವರೆಗೂ ಕೂತಿದ್ದೆ.

ಇನ್ನು ಅವಸರವೇನೂ ಇಲ್ಲ. ರಜೆಯಿದ್ದಾಗ ಬಾ. ಇದಕ್ಕಾಗಿ ಕೆಲಸ ಕಳೆದುಕೊಳ್ಳಬೇಡ. ನಾಲ್ಕು ದಿನ ಹಿಡಿದಿಟ್ಟುಕೊಳ್ಳಲು ನೋಡಿದೆ ಕಣಪ್ಪ. ಆಗಲಿಲ್ಲ.

ಅಕ್ಕ


ಮಾರ್ಚ್ 13

ಭಾವ,

ಈ ಪುಟ ನಿಮಗೆ ಮಾತ್ರ. ಅಕ್ಕನಿಗೆ ಎರಡನೆಯ ಪುಟದಿಂದ ಓದಿ ಹೇಳಿ.

ನಿಮ್ಮ ಶುಕ್ರವಾರದ ಕಾಗದ ನಾನು ಹೊರಟ ಮೇಲೆ ಬಂದಿದೆ. ನಿನ್ನೆ ವಾಪಸು ಬಂದಾಗ ನನ್ನ ಮಂಚದ ಮೇಲಿತ್ತು. ನೀವು ಭಾನುವಾರ ಬೆಳಿಗ್ಗೆ ಅಕ್ಕನ ಬೆನ್ನ ಹಿಂದೆ ನಿಂತು ಗೋಡೆ ನೋಡುತ್ತಿದ್ದಿರಲ್ಲ, ಯಾಕೆ ಅಂತ ನಿನ್ನೆ ತಿಳಿಯಿತು.

ಒಂದು ಗಂಟೆ ಪೂರ್ತಿ ನನ್ನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದಳು. ಹತ್ತಿರ ಬಂದಳು, ದೂರ ಸರಿದಳು. "ಇಷ್ಟೇನಾ? ಇದಕ್ಕಾ ಎರಡು ವರ್ಷ ಅವಿತುಕೊಂಡಿದ್ದೆ?" ಅಂದಳು. "ತುಟಿ ಹೀಗಿರೋದೇ ಚೆನ್ನಾಗಿದೆ, ಮೊದಲು ಬಹಳ ಮುದ್ದು ಮುಖ ಮಾಡ್ತಿದ್ದೆ" ಅಂತ ನಗಿಸಿದಳು. ಕಾಗದದಲ್ಲಿ ನಾನು ಬರೆದದ್ದನ್ನೆಲ್ಲ ನೆನಪಿಟ್ಟುಕೊಂಡು ಒಂದೊಂದನ್ನೂ ಕಂಡವಳ ಹಾಗೆ ಹೇಳಿದಳು. ನಾನು ನಂಬಿದೆ ಭಾವ. ರೈಲಿನಲ್ಲಿ ಬಟ್ಟೆ ಸುತ್ತಿಕೊಳ್ಳದೆ ಬಂದೆ. ಎದುರಿನ ಮಗು ದಿಟ್ಟಿಸಿ ನೋಡಿತು, ನೋಡಲಿ ಅಂತ ಬಿಟ್ಟೆ. ನಮ್ಮಕ್ಕ ನೋಡಿಯಾಯಿತು, ಇನ್ನು ಯಾರು ನೋಡಿದರೇನು ಅಂದುಕೊಂಡು ಬಂದೆ.

ಬಂದು ನಿಮ್ಮ ಕಾಗದ ಒಡೆದೆ. ಒಗೆಯುವ ತೊಟ್ಟಿಯ ಪಕ್ಕ ಕೂತು ಕೂಗಿ ಅತ್ತೆ. ಯಂತ್ರದ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಅವಳನ್ನು ಆರು ವಾರ ಸತಾಯಿಸಿದವನು ನಾನು. ಜನವರಿಯಲ್ಲಿ ಬಾ ಅಂದಿದ್ದರೆ ತಟ್ಟೆಯಗಲ ನೋಡುತ್ತಿದ್ದಳು. ಏಪ್ರಿಲ್ ಅಂತ ನಾನು ಬಯಸಿದ್ದೆ. ಮಾರ್ಚಿನಲ್ಲೇ ಸಿಕ್ಕಿತು.

ನನಗೆ ಗೊತ್ತಾಗಿದೆ ಅಂತ ಅವಳಿಗೆ ಗೊತ್ತಾಗಬಾರದು. ಅವಳು ನನಗೆ ಕೊಟ್ಟದ್ದನ್ನು ನಾನು ಕಿತ್ತುಕೊಳ್ಳಲಾರೆ. ನಿಮ್ಮ ದನಿ ನಡುಗದ ಹಾಗೆ ಓದಿ.


ಅಕ್ಕಾ,

ಸುಖವಾಗಿ ಬಂದು ತಲುಪಿದೆ. ಇವತ್ತು ಬಟ್ಟೆಯಿಲ್ಲದೆ ಕೆಲಸಕ್ಕೆ ಹೋದೆ. ಅಜ್ಜ ಒಂದು ಕ್ಷಣ ನೋಡಿ, "ನಿನಗೆ ಗಡ್ಡ ಬರೋದು ಒಂದೇ ಕಡೆ, ಸೋಪು ಉಳಿತಾಯ" ಅಂದ. ಮೇಲ್ವಿಚಾರಕರನ್ನು ಕೇಳಿದ್ದೇನೆ, ಕೌಂಟರಿಗೆ ವಾಪಸು ಹಾಕಿ ಅಂತ. ಒಪ್ಪುತ್ತಾರೋ ಇಲ್ಲವೋ. ಕೇಳುವ ಧೈರ್ಯ ಬಂತಲ್ಲ, ಅದು ನೀನು ಕೂತು ನೋಡಿದ್ದರಿಂದ ಬಂದದ್ದು.

ನೀನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ನೋಡಿದೆಯಲ್ಲ ಅಕ್ಕ. ನನ್ನನ್ನು ಹಾಗೆ ಯಾರೂ ನೋಡಿರಲಿಲ್ಲ.

ಇನ್ನೊಂದು ಮಾತು. ಹೋದ ವಾರ ನಮ್ಮ ಬೀದಿಯ ಅಂಚೆ ಚೀಲವೇ ಕಳೆದುಹೋಯಿತಂತೆ. ನೀನೇನಾದರೂ ಬರೆಸಿ ಕಳಿಸಿದ್ದರೆ ಅದು ನನ್ನ ಕೈ ಸೇರಿಲ್ಲ. ಮತ್ತೆ ಬರೆಸುವ ತೊಂದರೆ ತೆಗೆದುಕೊಳ್ಳಬೇಡ. ಹೇಳಬೇಕಾದ್ದೆಲ್ಲ ನೀನು ಎದುರಿಗೇ ಹೇಳಿದೆ.

ನಿನ್ನ ಚೆಲುವ